ಸ್ಟಾರ್ ಇಲ್ಲದ ಹುಡುಗರನ್ನು ಆಗಸ್ಟ್‌ನಲ್ಲಿ ಅಳೆಯುವುದು ಹೇಗೆ, ಆಮೇಲೆ ಬೆಳೆಸುವುದು ಹೇಗೆ

ಫಾಲ್ ಕ್ಯಾಂಪ್ (ಸೀಸನ್‌ಗೆ ಮುಂಚೆ ಆಗಸ್ಟ್‌ನಲ್ಲಿ ನಡೆಯುವ ಫುಟ್‌ಬಾಲ್ ಅಭ್ಯಾಸ ಶಿಬಿರ) ಶುರುವಾಗುವ ಹಿಂದಿನ ದಿನ ಆಟಗಾರರ ಎಕ್ಸೆಲ್ ಹಾಳೆ ತೆಗೆಯಿರಿ. ‘ಸ್ಟಾರ್’ ಅಂತಿರುವ ಕಾಲಮ್ ಅಡಗಿಸಿ. ಸ್ಟಾರ್ ಅಂದರೆ ಹೈಸ್ಕೂಲ್ ಆಟಗಾರರಿಗೆ ರಿಕ್ರೂಟಿಂಗ್ ವೆಬ್‌ಸೈಟುಗಳು ಕೊಡುವ ರೇಟಿಂಗ್, ಐದು ಸ್ಟಾರ್ ಎಲ್ಲಕ್ಕಿಂತ ಮೇಲೆ. ‘ಸ್ಕಾಲರ್‌ಶಿಪ್ / ವಾಕ್-ಆನ್’ ಕಾಲಮ್ ಕೂಡ ಅಡಗಿಸಿ. ಸ್ಕಾಲರ್‌ಶಿಪ್ ಇಲ್ಲದೆ ಟೀಮಿಗೆ ಸೇರಿದವನು ವಾಕ್-ಆನ್. ಅಂಗಿ ನಂಬರ್, ಪೊಸಿಶನ್, ಎತ್ತರ, ತೂಕ, ಎಷ್ಟನೇ ವರ್ಷ, ಇಷ್ಟು ಮಾತ್ರ ಉಳಿಯಲಿ. ಮೊದಲ ಸ್ಕ್ರಿಮೇಜ್ (ಟೀಮಿನವರು ತಮ್ಮಲ್ಲೇ ಆಡುವ ಅಭ್ಯಾಸದ ಆಟ) ಮುಗಿದು ನಿಮ್ಮ ಗ್ರೇಡ್ ಬರೆದಾಗುವವರೆಗೆ ಆ ಎರಡು ಕಾಲಮ್ ಕಣ್ಣಿಗೆ ಬೀಳಬಾರದು. ಯಾಕೆಂದರೆ ನಾಲ್ಕು ಸ್ಟಾರ್ ಹುಡುಗ ಬಾಲ್ ಬಿಟ್ಟರೆ ‘ಇವತ್ತು ಕೈ ಕೊಟ್ಟಿತು’ ಅಂತ ಬರೆಯುತ್ತೇವೆ. ವಾಕ್-ಆನ್ ಬಿಟ್ಟರೆ ‘ಕೈ ಸರಿಯಿಲ್ಲ’ ಅಂತ ಬರೆಯುತ್ತೇವೆ. ಬಾಲ್ ಅದೇ, ಬಿದ್ದ ರೀತಿಯೂ ಅದೇ.

ನಾನು ಹೇಳುತ್ತಿರುವುದು ಅಮೆರಿಕದ ಕಾಲೇಜ್ ಫುಟ್‌ಬಾಲ್ ವಿಷಯ. ಹೆಲ್ಮೆಟ್ ಹಾಕಿಕೊಂಡು ಆಡುವ ಫುಟ್‌ಬಾಲ್. ನಾನು ಇಲ್ಲಿಗೆ ಬಂದಿದ್ದು ಸ್ಟ್ಯಾಟಿಸ್ಟಿಕ್ಸ್ ಓದಲು. ಕೈಖರ್ಚಿಗೆ ಅಂತ ಟೀಮಿನ ಪ್ರಾಕ್ಟೀಸ್ ವಿಡಿಯೋ ತೆಗೆಯುವ ಕೆಲಸಕ್ಕೆ ಸೇರಿದೆ. ಸಿಸರ್ ಲಿಫ್ಟ್ (ಎತ್ತರಕ್ಕೆ ಏರುವ ಯಂತ್ರದ ಅಟ್ಟಣಿಗೆ) ಮೇಲೆ ಬಿಸಿಲಿನಲ್ಲಿ ನಿಂತು ಕ್ಯಾಮೆರಾ ತಿರುಗಿಸುತ್ತಾ ಆಟ ಕಲಿತೆ. ಈಗ ಅದೇ ಕಾಲೇಜಿನ ಪ್ಲೇಯರ್ ಪರ್ಸನೆಲ್ ಆಫೀಸಿನಲ್ಲಿ, ಅಂದರೆ ಆಟಗಾರರನ್ನು ಹುಡುಕಿ ಅಳೆಯುವ ಕಡೆ, ಇದ್ದೇನೆ. ನಮ್ಮದು ಎಫ್‌ಸಿಎಸ್ ಮಟ್ಟದ ಸಣ್ಣ ಟೀಮ್. ಕಾಲೇಜ್ ಫುಟ್‌ಬಾಲಿನ ಮೇಲಿನ ವರ್ಗವಾದ ಡಿವಿಶನ್ 1ರಲ್ಲಿ ಅದು ಎರಡನೇ ಹಂತ. ಐದು ಸ್ಟಾರ್ ಹುಡುಗರು ನಮ್ಮ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಬೇರೆಯವರು ಬಿಟ್ಟ ಹುಡುಗರೇ ನಮ್ಮ ಬಂಡವಾಳ. ಈಚೆಗೆ ಕಂಪ್ಯೂಟರ್, ಡೇಟಾ ಅಂತ ಓದುವ ನಮ್ಮ ಕನ್ನಡದ ಹುಡುಗ ಹುಡುಗಿಯರೂ ಇಂಥ ಆಫೀಸುಗಳಿಗೆ ಸ್ಟೂಡೆಂಟ್ ಅಸಿಸ್ಟೆಂಟ್ ಆಗಿ ಸೇರುತ್ತಿದ್ದಾರೆ. ಮುಖ್ಯವಾಗಿ ಅವರಿಗಾಗಿ ಇದನ್ನು ಬರೆದಿದ್ದೇನೆ. ಟಿವಿ ಮುಂದೆ ಕೂತು ತಮ್ಮ ಟೀಮನ್ನು ಅಳೆಯುವವರಿಗೂ ಅರ್ಧ ಉಪಯೋಗಕ್ಕೆ ಬರುತ್ತದೆ.

ಸ್ಟಾರ್ ಎಲ್ಲಿ ತಪ್ಪುತ್ತದೆ

ಸ್ಟಾರ್ ಎಲ್ಲ ಬರೀ ಸುಳ್ಳು ಅಂತ ವಾದಿಸಬೇಡಿ. 247ಸ್ಪೋರ್ಟ್ಸ್ ಅನ್ನುವ ವೆಬ್‌ಸೈಟ್ ವರ್ಷಕ್ಕೆ ಸುಮಾರು 32 ಹುಡುಗರಿಗೆ ಮಾತ್ರ ಐದು ಸ್ಟಾರ್ ಕೊಡುತ್ತದೆ. ಎನ್‌ಎಫ್‌ಎಲ್ ಡ್ರಾಫ್ಟಿನ ಮೊದಲ ಸುತ್ತಿನಲ್ಲಿ 32 ಜಾಗ ಇರುವುದರಿಂದ ಆ ಲೆಕ್ಕ. ಎನ್‌ಎಫ್‌ಎಲ್ ಅಂದರೆ ವೃತ್ತಿಪರ ಲೀಗ್, ಡ್ರಾಫ್ಟ್ ಅಂದರೆ ಅದರ ಟೀಮುಗಳು ಕಾಲೇಜ್ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು. ಆ ಹುಡುಗರಲ್ಲಿ ಒಬ್ಬ ಮೊದಲ ಸುತ್ತಿಗೆ ಹೋಗುವ ಸಾಧ್ಯತೆ ಎರಡು ಸ್ಟಾರ್ ಹುಡುಗನಿಗಿಂತ ಎಷ್ಟೋ ಪಟ್ಟು ಜಾಸ್ತಿ. ಆದರೆ ಎರಡು ಸ್ಟಾರಿನವರು, ಸ್ಟಾರೇ ಇಲ್ಲದವರು ಸಾವಿರಗಟ್ಟಲೆ ಇದ್ದಾರೆ. ಅಷ್ಟು ಜನರನ್ನು ಯಾರೂ ಸರಿಯಾಗಿ ನೋಡಿರುವುದಿಲ್ಲ. ಅಲ್ಲಿ ತಪ್ಪಿಹೋದವರು ಸುಮ್ಮನೆ ಅದೃಷ್ಟಕ್ಕೆ ತಪ್ಪಿದವರಲ್ಲ. ತಪ್ಪುವುದಕ್ಕೆ ಕೆಲವು ಕಾಯಂ ಕಾರಣಗಳಿವೆ. ಆ ಕಾರಣ ಗೊತ್ತಿದ್ದರೆ ಹುಡುಕುವ ಜಾಗ ಸಣ್ಣದಾಗುತ್ತದೆ.

ಒಂದು, ಸಣ್ಣ ಊರು. ಲೇಟನ್ ವ್ಯಾಂಡರ್ ಎಶ್ ಐಡಾಹೋ ರಾಜ್ಯದ ಒಂದು ಸಣ್ಣ ಊರಿನವನು. ಆ ಹೈಸ್ಕೂಲಿನಲ್ಲಿ ಹನ್ನೊಂದು ಜನರ ಟೀಮ್ ಕಟ್ಟುವಷ್ಟೂ ಹುಡುಗರಿರಲಿಲ್ಲ, ಎಂಟು ಜನರ ಫುಟ್‌ಬಾಲ್ ಆಡಿದ. ಬೋಯ್ಸಿ ಸ್ಟೇಟ್ ಕಾಲೇಜಿಗೆ ವಾಕ್-ಆನ್ ಆಗಿ ಬಂದ. 2018ರಲ್ಲಿ ಮೊದಲ ಸುತ್ತಿನಲ್ಲೇ ಎನ್‌ಎಫ್‌ಎಲ್‌ನ ಡಲ್ಲಾಸ್ ಟೀಮ್ ತೆಗೆದುಕೊಂಡಿತು.

ಎರಡು, ತಪ್ಪು ಪೊಸಿಶನ್. ಇದು ನನಗೆ ಅತಿ ಇಷ್ಟವಾದ ಗುಂಪು. ಹೊಸಬರಿಗೆ ಒಂದು ಮಾತು: ಆಫೆನ್ಸ್ ಅಂದರೆ ಬಾಲ್ ಮುಂದೆ ಒಯ್ಯುವ ಕಡೆ, ಡಿಫೆನ್ಸ್ ತಡೆಯುವ ಕಡೆ. ಕ್ವಾರ್ಟರ್‌ಬ್ಯಾಕ್ ಎಸೆಯುತ್ತಾನೆ, ರಿಸೀವರ್ ಹಿಡಿಯುತ್ತಾನೆ, ರನ್ನಿಂಗ್ ಬ್ಯಾಕ್ ಬಾಲ್ ಹಿಡಿದು ಓಡುತ್ತಾನೆ. ಆಫೆನ್ಸಿವ್ ಲೈನಿನ ದೊಡ್ಡ ಮೈಯವರು (ಗಾರ್ಡ್, ಅವನ ಹೊರಗೆ ಟ್ಯಾಕಲ್) ಅಡ್ಡ ನಿಂತು ಅವರನ್ನು ಕಾಯುತ್ತಾರೆ, ಟೈಟ್ ಎಂಡ್ ಕಾಯುತ್ತಾನೆ, ಬಾಲನ್ನೂ ಹಿಡಿಯುತ್ತಾನೆ. ಡಿಫೆನ್ಸಿವ್ ಎಂಡ್ ಕ್ವಾರ್ಟರ್‌ಬ್ಯಾಕ್ ಕಡೆ ನುಗ್ಗುತ್ತಾನೆ, ಲೈನ್‌ಬ್ಯಾಕರ್ ಅವನ ಹಿಂದೆ ನಿಲ್ಲುತ್ತಾನೆ, ಡಿಫೆನ್ಸಿವ್ ಬ್ಯಾಕ್‌ಗಳು (ಕಾರ್ನರ್‌ಬ್ಯಾಕ್ ಅವರಲ್ಲೊಬ್ಬ) ರಿಸೀವರ್‌ಗಳ ಬೆನ್ನು ಹತ್ತುತ್ತಾರೆ. ಜೇಸನ್ ಕೆಲ್ಸಿ ಸಿನ್ಸಿನಾಟಿಗೆ ವಾಕ್-ಆನ್ ಆಗಿ ಬಂದಾಗ ಲೈನ್‌ಮನ್ ಆಗಿರಲಿಲ್ಲ. ರನ್ನಿಂಗ್ ಬ್ಯಾಕ್, ಲೈನ್‌ಬ್ಯಾಕರ್ ಅಂತ ಸುತ್ತಿ ಕೊನೆಗೆ ಆಫೆನ್ಸಿವ್ ಲೈನಿಗೆ ಬಂದ. ಜೆ.ಜೆ. ವಾಟ್ ಎರಡು ಸ್ಟಾರ್ ಟೈಟ್ ಎಂಡ್ ಆಗಿ ಸೆಂಟ್ರಲ್ ಮಿಶಿಗನ್‌ಗೆ ಸೇರಿದ. ಅಲ್ಲಿಂದ ಬಿಟ್ಟು ವಿಸ್ಕಾನ್ಸಿನ್‌ಗೆ ವಾಕ್-ಆನ್ ಆಗಿ ಬಂದು ಡಿಫೆನ್ಸಿವ್ ಎಂಡ್ ಆದ. ಮೂರು ಸಲ ಎನ್‌ಎಫ್‌ಎಲ್‌ನ ವರ್ಷದ ಡಿಫೆನ್ಸಿವ್ ಆಟಗಾರ. ಜಾರ್ಡಿ ನೆಲ್ಸನ್ ಕ್ಯಾನ್ಸಸ್ ಸ್ಟೇಟ್‌ಗೆ ಬಂದಿದ್ದು ಡಿಫೆನ್ಸಿವ್ ಬ್ಯಾಕ್ ಆಗಿ, ಹೋಗಿದ್ದು ರಿಸೀವರ್ ಆಗಿ.

ಮೂರು, ತಡವಾಗಿ ಬೆಳೆದ ಮೈ. ಜೋಶ್ ಆಲನ್ ಹೈಸ್ಕೂಲ್ ಮುಗಿಸಿದಾಗ ಒಂದು ದೊಡ್ಡ ಕಾಲೇಜೂ ಕರೆಯಲಿಲ್ಲ. ರೀಡ್ಲಿ ಅನ್ನುವ ಜೂನಿಯರ್ ಕಾಲೇಜಿಗೆ ಹೋದ. ಅಲ್ಲಿ ಬೆಳೆದು, ಸಿಕ್ಕ ಸಿಕ್ಕ ಕೋಚ್‌ಗಳಿಗೆಲ್ಲ ಈಮೇಲ್ ಹಾಕಿ ವಯೋಮಿಂಗ್ ಸೇರಿದ. 2018ರ ಡ್ರಾಫ್ಟಿನಲ್ಲಿ ಏಳನೆಯವನು.

ಇನ್ನು ಹೈಸ್ಕೂಲಿನ ಜೂನಿಯರ್ ವರ್ಷ (ಮೂರನೇ ವರ್ಷ) ಗಾಯವಾಗಿ ಕೂತವರು. ಕೋಚ್‌ಗಳು ಮುಖ್ಯವಾಗಿ ನೋಡುವುದು ಆ ವರ್ಷದ ವಿಡಿಯೋವನ್ನೇ. ಆ ವರ್ಷ ಆಡದವನು ಅವರ ಲೆಕ್ಕದಲ್ಲಿ ಇಲ್ಲವೇ ಇಲ್ಲ.

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಅಂತ ಗಾದೆ ಇದೆ. ಲೈನ್‌ಮನ್‌ಗಳ ಮಟ್ಟಿಗೆ ಆ ಗಾದೆ ಮರೆತುಬಿಡಿ. ಹದಿನೇಳರ ಹುಡುಗನ ಮೈ ಇಪ್ಪತ್ತೆರಡಕ್ಕೆ ಏನಾಗುತ್ತದೆ ಅಂತ ಹೇಳುವುದು ಈ ಆಟದಲ್ಲೇ ಕಷ್ಟದ ಕೆಲಸ. 2013ರ ಡ್ರಾಫ್ಟ್ ನೋಡಿ. ಮೊಟ್ಟ ಮೊದಲು ಹೋದ ಎರಿಕ್ ಫಿಶರ್ ಎರಡು ಸ್ಟಾರ್ ಹುಡುಗ, ಸೆಂಟ್ರಲ್ ಮಿಶಿಗನ್‌ನವನು. ನಾಲ್ಕನೆಯವನಾಗಿ ಹೋದ ಲೇನ್ ಜಾನ್ಸನ್ ಹೈಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ! ಇಬ್ಬರೂ ಆಫೆನ್ಸಿವ್ ಟ್ಯಾಕಲ್. ಹಾಗಾಗಿ ನಿಮ್ಮ ಸಮಯ ಕಡಿಮೆ ಇದ್ದರೆ ಲೈನಿನ ಹುಡುಗರ ಮೇಲೆ ಖರ್ಚು ಮಾಡಿ. ಕಾರ್ನರ್‌ಬ್ಯಾಕ್ ಹುಡುಕುತ್ತಾ ಕೂರಬೇಡಿ. ಓಟದ ವೇಗ ಹೈಸ್ಕೂಲಿನಲ್ಲೇ ಎಲ್ಲರ ಕಣ್ಣಿಗೂ ಬಿದ್ದಿರುತ್ತದೆ.

ಯಾವ ದಿನ ಯಾರನ್ನು ನೋಡಬೇಕು

ಕ್ಯಾಂಪಿಗೆ ಎನ್‌ಸಿಎಎ (ಕಾಲೇಜ್ ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ) ನಿಯಮ ಇದೆ. ಒಟ್ಟು 25 ಪ್ರಾಕ್ಟೀಸ್. 2021ರಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಮೊದಲ ಎರಡು ದಿನ ಹೆಲ್ಮೆಟ್ ಮಾತ್ರ. ಆಮೇಲೆ ಮೂರು ದಿನ ಹೆಲ್ಮೆಟ್, ಶೋಲ್ಡರ್ ಪ್ಯಾಡ್. ಅದಾದ ಮೇಲೆ ಪೂರ್ತಿ ಪ್ಯಾಡ್. ಪೂರ್ತಿ ಪ್ಯಾಡಿನ ಪ್ರಾಕ್ಟೀಸ್ ಒಂಬತ್ತು ಮೀರುವಂತಿಲ್ಲ. ಈ ಲೆಕ್ಕ ನಿಮ್ಮ ತಲೆಯಲ್ಲಿರಬೇಕು. ಯಾವ ದಿನ ಯಾರ ಬಗ್ಗೆ ಬರೆಯಬಹುದು ಅನ್ನುವುದನ್ನು ಅದೇ ಹೇಳುತ್ತದೆ.

ಹೆಲ್ಮೆಟ್ ದಿನಗಳಲ್ಲಿ ರಿಸೀವರ್, ಡಿಫೆನ್ಸಿವ್ ಬ್ಯಾಕ್‌ಗಳ ಕಾಲು ನೋಡಿ. ತಿರುಗುವಾಗ ಎಷ್ಟು ಹೆಜ್ಜೆ ವ್ಯರ್ಥ ಮಾಡುತ್ತಾನೆ, ಸೊಂಟ ಸಲೀಸಾಗಿ ತಿರುಗುತ್ತದಾ, ಇಷ್ಟು ಸಾಕು. ಲೈನ್‌ಮನ್ ಬಗ್ಗೆ ಒಂದಕ್ಷರ ಬರೆಯಬೇಡಿ. ಎದುರಿನವನು ತಳ್ಳದೇ ಇದ್ದಾಗ ಎಲ್ಲ ಲೈನ್‌ಮನ್‌ಗಳೂ ಚೆನ್ನಾಗಿಯೇ ಕಾಣುತ್ತಾರೆ. ಅಂಗಿ ಚಡ್ಡಿ ಹೀರೋಗಳ ಸುದ್ದಿ ಆ ವಾರ ಜೋರಾಗಿರುತ್ತದೆ. ಕಿವಿಗೆ ಹಾಕಿಕೊಳ್ಳಬೇಡಿ.

ಪ್ಯಾಡ್ ಬಂದ ಮೊದಲ ಎರಡು ದಿನ ಒನ್-ಆನ್-ಒನ್ ಡ್ರಿಲ್‌ಗೆ ಜನ ಸೇರುತ್ತಾರೆ. ಪಾಸ್ ರಷ್ ಮಾಡುವವನಿಗೆ, ಅಂದರೆ ಕ್ವಾರ್ಟರ್‌ಬ್ಯಾಕ್ ಕಡೆ ನುಗ್ಗುವವನಿಗೆ, ಅದರಲ್ಲಿ ಪೂರ್ತಿ ಅನುಕೂಲ, ಯಾಕೆಂದರೆ ಪಕ್ಕದಲ್ಲಿ ಗಾರ್ಡ್ ಇಲ್ಲ, ಜಾಗ ಬೇಕಾದಷ್ಟು. ಅಲ್ಲಿ ಟ್ಯಾಕಲ್ ಸೋತರೆ ಗಾಬರಿ ಬೇಡ. ಸೋತ ಮೇಲೆ ಮುಂದಿನ ರೆಪ್‌ನಲ್ಲಿ (ಮುಂದಿನ ಸರದಿಯಲ್ಲಿ) ಏನು ಬದಲಿಸಿದ ಅನ್ನುವುದು ನೋಡಿ. ಅದೇ ತಪ್ಪು ಮತ್ತೆ ಮಾಡಿದನೋ, ಬೇರೆ ತಪ್ಪು ಮಾಡಿದನೋ? ಬೇರೆ ತಪ್ಪು ಮಾಡುವ ಹುಡುಗ ನನಗೆ ಇಷ್ಟ. ಅವನು ಯೋಚಿಸುತ್ತಿದ್ದಾನೆ.

ಕ್ವಾರ್ಟರ್‌ಬ್ಯಾಕ್ ವಿಷಯ ಬೇಗ ಮುಗಿಸುತ್ತೇನೆ. ಕ್ಯಾಂಪಿನಲ್ಲಿ ಅವರಿಗೆ ಬೇರೆ ಬಣ್ಣದ ಅಂಗಿ, ಯಾರೂ ಹೊಡೆಯುವಂತಿಲ್ಲ. ಹೊಡೆತದ ಭಯ ಇಲ್ಲದಾಗ ನಿಂತು ಎಸೆಯುವುದು ಎಲ್ಲರಿಗೂ ಬರುತ್ತದೆ. ಬಾಲ್ ಸರಿಯಾದ ಸಮಯಕ್ಕೆ ಕೈಬಿಟ್ಟಿತೇ ಅಂತ ಸ್ಟಾಪ್‌ವಾಚ್ ಹಿಡಿದು ಬರೆದುಕೊಳ್ಳಿ. ಉಳಿದದ್ದು ಸೆಪ್ಟೆಂಬರ್‌ಗೆ ಬಿಡಿ.

ಹಾಳೆಯಲ್ಲಿ ಏನು ಬರೆಯಬೇಕು

ಮೊದಲು ಅಳತೆ. ನೀವೇ ಟೇಪ್ ಹಿಡಿದು ಅಳೆಯಿರಿ. ಪ್ರೋಗ್ರಾಂ ಪುಸ್ತಕದಲ್ಲಿ ಅಚ್ಚಾದ ಎತ್ತರ ನಂಬಬೇಡಿ, ಅದರಲ್ಲಿ ಒಂದು ಇಂಚು ಪ್ರೀತಿಯಿಂದ ಸೇರಿಸಿರುತ್ತಾರೆ. ಎತ್ತರ, ತೂಕ, ತೋಳಿನ ಉದ್ದ, ಅಂಗೈ ಅಗಲ, ಎರಡು ಕೈ ಚಾಚಿದಾಗಿನ ಉದ್ದ. ಓಟದಲ್ಲಿ ನಲವತ್ತು ಗಜದ ಟೈಮಿಗಿಂತ ಮೊದಲ ಹತ್ತು ಗಜದ ಟೈಮ್ ನನಗೆ ಮುಖ್ಯ, ಲೈನಿನ ಹುಡುಗರಿಗಂತೂ ಅದೊಂದೇ ಸಾಕು. ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್, ಕುಸ್ತಿ, ಟ್ರ್ಯಾಕ್ ಯಾವುದಾದರೂ ಮಾಡಿದ್ದನೇ ಅಂತ ಕೇಳಿ ಬರೆದುಕೊಳ್ಳಿ. ಟ್ರ್ಯಾಕ್ ಮೀಟಿನಲ್ಲಿ ದಾಖಲಾದ 100 ಮೀಟರ್ ಟೈಮ್, ಹುಡುಗ ತಾನೇ ಹೇಳುವ ನಲವತ್ತರ ಟೈಮಿಗಿಂತ ಸಾವಿರ ಪಾಲು ವಾಸಿ. ರಿಕ್ರೂಟ್ ಮಾಡಲು ಮನೆಗೆ ಹೋದಾಗ ಅಪ್ಪ ಅಮ್ಮನ ಎತ್ತರ ನೋಡುವ ಕೋಚ್‌ಗಳಿದ್ದಾರೆ. ನಗಬೇಡಿ, ನಾನೂ ನೋಡುತ್ತೇನೆ.

ಆಮೇಲೆ ವಿಡಿಯೋ ಗ್ರೇಡ್. ಆಟಗಾರರಿಗೆ ಅಂಕ ಕೊಡುವ ಪ್ರೋ ಫುಟ್‌ಬಾಲ್ ಫೋಕಸ್ ಕಂಪನಿಯವರು ಪ್ರತಿ ಪ್ಲೇಗೆ (ಬಾಲ್ ಎತ್ತಿದಾಗಿನಿಂದ ವಿಸಿಲ್ ಆಗುವವರೆಗಿನ ಒಂದು ಸರದಿ) ಮೈನಸ್ 2ರಿಂದ ಪ್ಲಸ್ 2ರವರೆಗೆ ಅರ್ಧ ಅರ್ಧ ಅಂಕದಲ್ಲಿ ಕೊಡುತ್ತಾರೆ. ನಮಗೆ ಅಷ್ಟು ಬೇಡ. ನಾನು ಮೂರು ಪ್ರಶ್ನೆಗೆ ಪ್ಲಸ್ ಅಥವಾ ಮೈನಸ್ ಹಾಕುತ್ತೇನೆ. ತನ್ನ ಕೆಲಸ ಏನು ಅಂತ ಗೊತ್ತಿತ್ತೇ? ಕಲಿಸಿದ ರೀತಿಯಲ್ಲಿ ಮಾಡಿದನೇ? ವಿಸಿಲ್ ಆಗುವವರೆಗೆ ಬಿಡಲಿಲ್ಲವೇ? ಮೂರನ್ನೂ ಬೇರೆ ಬೇರೆ ಕಾಲಮಿನಲ್ಲಿಡಿ. ಒಟ್ಟು ಮಾಡಿ ಒಂದು ನಂಬರ್ ಮಾಡಿದರೆ ಎಲ್ಲ ಹಾಳು. ಕೆಲಸ ಗೊತ್ತಿಲ್ಲದ ಹುಡುಗನಿಗೆ ಪ್ಲೇಬುಕ್ (ಯಾವ ಪ್ಲೇನಲ್ಲಿ ಯಾರು ಏನು ಮಾಡಬೇಕು ಅನ್ನುವ ಪುಸ್ತಕ) ಬೇಕು, ರೀತಿ ಗೊತ್ತಿಲ್ಲದವನಿಗೆ ಡ್ರಿಲ್ ಬೇಕು. ಇಬ್ಬರಿಗೂ 62 ಅಂತ ಬರೆದಿಟ್ಟರೆ ಕೋಚ್ ಆ ಹಾಳೆ ಇಟ್ಟುಕೊಂಡು ಏನು ಮಾಡಬೇಕು? ನಾಳೆ ಏನು ಕಲಿಸಬೇಕು ಅಂತ ಹೇಳದ ಗ್ರೇಡ್ ದಂಡ.

ಲೈನ್ ನೋಡುವಾಗ ಮೈದಾನದ ತುದಿಯ ಎಂಡ್ ಝೋನ್ ಕ್ಯಾಮೆರಾದ ವಿಡಿಯೋ ನೋಡಿ. ಪಕ್ಕದ ಕ್ಯಾಮೆರಾದಲ್ಲಿ ಕೈ ಎಲ್ಲಿ ಬಿತ್ತು ಅನ್ನುವುದು ಕಾಣುವುದೇ ಇಲ್ಲ. ಎದುರಿಗೆ ಯಾರಿದ್ದರು ಅನ್ನುವ ಕಾಲಮ್ ತಪ್ಪದೆ ಇರಲಿ. ಮೂರನೇ ತಂಡದ ಟ್ಯಾಕಲ್‌ನನ್ನು ದಾಟಿ ಬಂದ ಸ್ಯಾಕ್ (ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕನ್ನು ಕೆಡವುವುದು), ಮೊದಲ ತಂಡದವನನ್ನು ಒಂದು ಹೆಜ್ಜೆ ಹಿಂದೆ ತಳ್ಳಿದ್ದಕ್ಕೆ ಸಮವಲ್ಲ. ರೆಪ್ ಎಷ್ಟನೆಯದು ಅಂತಲೂ ಬರೆಯಿರಿ. ವಾಕ್-ಆನ್‌ಗೆ ಒಂದು ಪ್ರಾಕ್ಟೀಸಿನಲ್ಲಿ ಸಿಗುವುದೇ ಬೆರಳೆಣಿಕೆ ರೆಪ್. ಅದೂ ಕೊನೆಯಲ್ಲಿ, ಎಲ್ಲರಿಗೂ ಸುಸ್ತಾದಾಗ. ಆದ್ದರಿಂದ ಒಟ್ಟು ಲೆಕ್ಕ ಬೇಡ, ಸರಾಸರಿ ನೋಡಿ. ರೆಪ್ ತೀರಾ ಕಮ್ಮಿ ಇದ್ದರೆ ‘ಇನ್ನೂ ಗೊತ್ತಿಲ್ಲ’ ಅಂತ ಬರೆಯುವ ಧೈರ್ಯ ಇರಲಿ. ‘ಇನ್ನೂ ಗೊತ್ತಿಲ್ಲ’ ಅಂತಿರುವ ಹುಡುಗರಿಗೆ ಮಾರನೇ ದಿನ ನಾಲ್ಕು ರೆಪ್ ಜಾಸ್ತಿ ಕೊಡಿ ಅಂತ ಕೋಚ್ ಹತ್ತಿರ ಕೇಳುವುದು ನಿಮ್ಮ ಕೆಲಸ.

ನನ್ನ ಹಾಳೆಯಲ್ಲಿ ಕೆಲವು ಮಾತು ನಿಷೇಧ. ‘ಮೋಟರ್ ಇದೆ’ (ದಣಿಯದೆ ಓಡುತ್ತಾನೆ ಅಂತ ಅರ್ಥ), ‘ಒಳ್ಳೆ ಹುಡುಗ’, ‘ಫುಟ್‌ಬಾಲ್ ಆಟಗಾರನ ಹಾಗೆ ಕಾಣುತ್ತಾನೆ’. ಕೊನೆಯದು ಅತಿ ಕೆಟ್ಟದ್ದು. ಕಂಡದ್ದನ್ನು ಬರೆಯಿರಿ. ‘ಸ್ಕ್ರೀನ್ ಪಾಸ್ ಆದಾಗ ಹದಿನೈದು ಗಜ ಹಿಂದೆ ಓಡಿ ಹಿಡಿದ’ ಅಂದರೆ ಮೋಟರ್ ಇದೆ ಅಂತ ಓದುವವರಿಗೆ ತಾನಾಗಿಯೇ ಗೊತ್ತಾಗುತ್ತದೆ, ಅಲ್ವಾ?

ಇನ್ನೊಂದು ಕಾಲಮ್ ಇದೆ, ಅದೇ ನನ್ನ ಮಟ್ಟಿಗೆ ಮುಖ್ಯ. ಕಳೆದ ಏಪ್ರಿಲ್‌ನ ಗ್ರೇಡ್. ವಸಂತದಲ್ಲಿ 15 ಪ್ರಾಕ್ಟೀಸ್ ಇರುತ್ತವೆ. ಆಗಿನ ವಿಡಿಯೋ ಪಕ್ಕಕ್ಕೆ ಈಗಿನದು ಇಟ್ಟು ನೋಡಿ. ಇವತ್ತು ಯಾರು ಮುಂದಿದ್ದಾರೆ ಅನ್ನುವುದು ಹೆಡ್ ಕೋಚ್‌ಗೂ ಗೊತ್ತು, ಬೇಲಿ ಆಚೆ ನಿಂತು ನೋಡುವವರಿಗೂ ಗೊತ್ತು. ಯಾರು ಬೇಗ ಬೇಗ ಬದಲಾಗುತ್ತಿದ್ದಾರೆ ಅನ್ನುವುದು ಎರಡು ವಿಡಿಯೋ ಜೋಡಿಸಿ ನೋಡಿದವನಿಗೆ ಮಾತ್ರ ಗೊತ್ತಾಗುತ್ತದೆ.

ಒಬ್ಬ ಹುಡುಗನ ಹಾಳೆ

ಹೆಸರು ಬೇಡ. ಸ್ಟಾರ್ ಇಲ್ಲ. ಹೈಸ್ಕೂಲಿನಲ್ಲಿ ಟೈಟ್ ಎಂಡ್, ಚಳಿಗಾಲದಲ್ಲಿ ಬ್ಯಾಸ್ಕೆಟ್‌ಬಾಲ್. ನಮ್ಮಲ್ಲಿಗೆ ಬಂದಾಗ ಆರಡಿ ಐದಿಂಚು, 231 ಪೌಂಡ್. ಟೈಟ್ ಎಂಡ್ ಆಗಿ ನಿಧಾನ. ಬಾಲ್ ಹಿಡಿಯುವ ಕೈ ಪರವಾಗಿಲ್ಲ, ಅಷ್ಟೇ. ಅಳತೆ ಹಾಳೆಯಲ್ಲಿ ಮಾತ್ರ ಒಂದು ಸಾಲು ಕಣ್ಣಿಗೆ ಬಿತ್ತು. ತೋಳು 34 ಇಂಚು. ಅಷ್ಟು ಉದ್ದದ ತೋಳು, ಬ್ಯಾಸ್ಕೆಟ್‌ಬಾಲ್ ಆಡಿದ ಕಾಲು ಎರಡೂ ಒಬ್ಬನಲ್ಲೇ ಇದ್ದರೆ ಆ ಹುಡುಗ ಟ್ಯಾಕಲ್. ಅವನಿಗೆ ಇನ್ನೂ ಗೊತ್ತಿಲ್ಲ, ಅಷ್ಟೇ.

ಲೈನ್ ಕೋಚ್ ಅವನನ್ನು ಕರೆಸಿದರು. “ನೀನು ಟೈಟ್ ಎಂಡ್ ಆಗಿದ್ದರೆ ಇಲ್ಲಿ ಐದನೆಯವನು. ಲೈನಿಗೆ ಬಂದರೆ ಎರಡು ವರ್ಷ ಆಡುವುದಿಲ್ಲ, ಆಮೇಲೆ ಆಡುತ್ತೀಯ. ಯೋಚನೆ ಮಾಡು,” ಅಂದರು. ಹುಡುಗ ಕೇಳಿದ್ದು ಒಂದೇ. “ಕೋಚ್, ಎಷ್ಟು ತಿನ್ನಬೇಕು?”

ಬೇಕಾದಷ್ಟು ತಿನ್ನಬಹುದು. 2014ರಿಂದ ಡಿವಿಶನ್ 1 ಕಾಲೇಜುಗಳು ಆಟಗಾರರಿಗೆ ಎಷ್ಟು ಊಟ ತಿಂಡಿ ಬೇಕಾದರೂ ಕೊಡಬಹುದು, ವಾಕ್-ಆನ್‌ಗಳಿಗೂ. ಅದಕ್ಕೆ ಮುಂಚೆ ವಾಕ್-ಆನ್ ಹುಡುಗ ತನ್ನ ದುಡ್ಡಿನಲ್ಲೇ ಮೈ ಬೆಳೆಸಬೇಕಿತ್ತು. ಆದರೆ ಆತುರ ಬೇಡ. ಒಂದೇ ಬೇಸಿಗೆಯಲ್ಲಿ ನಲವತ್ತು ಪೌಂಡ್ ಏರಿಸಿದರೆ ಬರುವುದು ಬೊಜ್ಜು, ಹೋಗುವುದು ಕಾಲಿನ ಚುರುಕು. ಅವನನ್ನು ಟ್ಯಾಕಲ್ ಮಾಡಲು ಹೊರಟಿದ್ದೇ ಆ ಕಾಲಿಗಾಗಿ. ಮುಂದಿನ ವಸಂತಕ್ಕೆ 252, ಆಗಸ್ಟ್‌ಗೆ 268. ಪ್ರತಿ ಸಲ ತೂಕದ ಪಕ್ಕದಲ್ಲೇ ಹತ್ತು ಗಜದ ಟೈಮ್ ಬರೆದೆವು. ತೂಕ ಏರಿದಾಗ ಟೈಮ್ ಕೆಡದಿದ್ದರೆ ಮುಂದುವರಿಸು, ಕೆಟ್ಟರೆ ಅಲ್ಲೇ ನಿಲ್ಲಿಸು. ಸ್ಟ್ರೆಂತ್ ಕೋಚ್ ಜೊತೆ ಈ ಒಂದು ಒಪ್ಪಂದ ಮೊದಲೇ ಮಾಡಿಕೊಳ್ಳಿ.

ಆ ಆಗಸ್ಟ್‌ನಲ್ಲಿ ಅವನ ಹಾಳೆ ಹೀಗಿತ್ತು. ಕೆಲಸ ಗೊತ್ತಿತ್ತೇ, ಪ್ಲಸ್‌ಗಳೇ ಜಾಸ್ತಿ. ವಿಸಿಲ್‌ವರೆಗೆ, ಪ್ಲಸ್. ರೀತಿ, ಪೂರ್ತಿ ಮೈನಸ್. ವಿಡಿಯೋ ನಿಧಾನ ಮಾಡಿ ನೋಡಿದರೆ ಎಲ್ಲ ಮೈನಸ್‌ಗೂ ಮೂಲ ಒಂದೇ. ಕೈ ತಡ. ಎದುರಿನವನು ಎದೆಗೆ ಬಂದು ತಾಗಿದ ಮೇಲೆ ಕೈ ಎತ್ತುತ್ತಿದ್ದ. 34 ಇಂಚಿನ ತೋಳು ಇಟ್ಟುಕೊಂಡು ಅದನ್ನು ಉಪಯೋಗಿಸುತ್ತಲೇ ಇರಲಿಲ್ಲ.

ಒಂದು ಸಲಕ್ಕೆ ಒಂದೇ

ಇಲ್ಲಿಂದ ಬೆಳೆಸುವ ಕೆಲಸ. ಇಂಥ ಹುಡುಗನಿಗೆ ಕೋಚ್‌ಗಳು ಒಂದೇ ಉಸಿರಿಗೆ ನಾಲ್ಕು ಮಾತು ಹೇಳುತ್ತಾರೆ. ತಲೆ ಎತ್ತು, ಸೊಂಟ ಇಳಿಸು, ಕಾಲು ಅಗಲಿಸು, ಕೈ ಬೇಗ ಹಾಕು. ಪಾಪ, ಅವನು ಯಾವುದು ಮಾಡಬೇಕು? ಮೂರು ವಾರಕ್ಕೆ ಒಂದೇ ವಿಷಯ ಆರಿಸಿ. ಮಿಕ್ಕಿದ್ದನ್ನು ಕಂಡರೂ ಕಾಣದ ಹಾಗೆ ಇರಿ. ನಮ್ಮವನಿಗೆ ಕೈ ಮಾತ್ರ. ಕೋಚ್ ಶೀಲ್ಡ್ (ಗುದ್ದಿಸಿಕೊಳ್ಳುವ ಮೆತ್ತೆ) ಹಿಡಿದು ನಿಲ್ಲುವುದು, ಶೀಲ್ಡ್ ಅಲ್ಲಾಡಿದ ತಕ್ಷಣ ಎರಡೂ ಅಂಗೈಯಿಂದ ಗುದ್ದುವುದು. ಪ್ರಾಕ್ಟೀಸಿಗೆ ಮುಂಚೆ ಹತ್ತು ನಿಮಿಷ. ವಿಡಿಯೋದಲ್ಲೂ ಅದೊಂದನ್ನೇ ತೋರಿಸಿದೆವು, ಬೇರೆ ತಪ್ಪಿನ ಕ್ಲಿಪ್ ಅವನ ಫೋಲ್ಡರಿಗೆ ಹಾಕಲೇ ಇಲ್ಲ.

ಸ್ಕೌಟ್ ಟೀಮ್ ಅಂದರೆ ಮುಂದಿನ ವಾರದ ಎದುರಾಳಿಯ ಹಾಗೆ ನಟಿಸಿ ನಮ್ಮ ಮೊದಲ ತಂಡಕ್ಕೆ ಅಭ್ಯಾಸ ಕೊಡುವ ಗುಂಪು. ಅಲ್ಲಿಗೆ ಹಾಕಿದರೆ ಹುಡುಗರು ಮುಖ ಸಣ್ಣದು ಮಾಡುತ್ತಾರೆ. ನಾನು ಅದನ್ನು ಬೇರೆ ರೀತಿ ನೋಡುತ್ತೇನೆ. ವಾರಕ್ಕೆ ಮೂರು ದಿನ ನಮ್ಮ ಅತಿ ಒಳ್ಳೆ ಡಿಫೆನ್ಸಿವ್ ಎಂಡ್ ಎದುರು ನಿಲ್ಲುವ ಅವಕಾಶ ಬೇರೆ ಎಲ್ಲಿ ಸಿಗುತ್ತದೆ? ತೊಂದರೆ ಏನೆಂದರೆ ಆ ರೆಪ್‌ಗಳಿಗೆ ಯಾರೂ ಗ್ರೇಡ್ ಹಾಕುವುದಿಲ್ಲ. ನೀವು ಹಾಕಿ. ಗುರುವಾರ ಸಂಜೆ ಒಂದು ಹಾಳೆ ಕೈಗೆ ಕೊಡಿ. ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಾದರೆ ಆ ಪ್ರಾಕ್ಟೀಸಿನ ಬಣ್ಣವೇ ಬೇರೆ.

ಲೈನ್‌ಮನ್ ಅಲ್ಲದವರಿಗೆ ಸ್ಪೆಶಲ್ ಟೀಮ್ಸ್ (ಬಾಲ್ ಒದೆಯುವ ಪ್ಲೇಗಳಲ್ಲಿ ಆಡುವ ಗುಂಪು) ಹತ್ತಿರದ ದಾರಿ. ಕಿಕ್‌ಆಫ್‌ನಲ್ಲಿ ಓಡಿಹೋಗಿ ಹಿಡಿಯುವುದು, ಪಂಟ್‌ನಲ್ಲಿ ಹೊರಗಿನ ಗನ್ನರ್ ಕೆಲಸ, ಅಂದರೆ ಒದ್ದ ಬಾಲ್ ಹಿಡಿಯುವವನ ಕಡೆ ಮೊದಲು ಓಡುವುದು. ಅಲ್ಲಿ ಪ್ಲೇಬುಕ್ ಸಣ್ಣದು, ಧೈರ್ಯ ಜಾಸ್ತಿ ಬೇಕು. ಮತ್ತೆ ರೆಡ್‌ಶರ್ಟ್ ನಿಯಮ ಉಪಯೋಗಿಸಿಕೊಳ್ಳಿ. 2018ರಿಂದ ಒಬ್ಬ ಹುಡುಗ ಸೀಸನ್‌ನಲ್ಲಿ ನಾಲ್ಕು ಆಟದವರೆಗೆ ಆಡಿದರೂ ಆ ವರ್ಷ ಅವನ ಆಡುವ ಅರ್ಹತೆಯ ಲೆಕ್ಕಕ್ಕೆ ಸೇರದೆ ಉಳಿಯುತ್ತದೆ. ಹೆಚ್ಚಿನವರು ಆ ನಾಲ್ಕನ್ನು ಮೊದಲೇ, ಗೆದ್ದಾದ ಆಟಗಳ ಕೊನೆಯಲ್ಲಿ ಸುಮ್ನೆ ಕಳೆಯುತ್ತಾರೆ. ನನ್ನ ಪ್ರಕಾರ ಒಂದು ಸೆಪ್ಟೆಂಬರ್‌ನಲ್ಲಿ, ಉಳಿದ ಮೂರು ನವೆಂಬರ್‌ಗೆ. ಆ ಹೊತ್ತಿಗೆ ಹುಡುಗ ಬೆಳೆದಿರುತ್ತಾನೆ, ಮೊದಲ ತಂಡದವರು ಗಾಯಗೊಂಡಿರುತ್ತಾರೆ.

ವಾಕ್-ಆನ್‌ಗಳ ಹುರುಪಿಗೆ ಒಂದು ಒಳ್ಳೆ ಕಥೆ ಬೇಕಾದರೆ ಬರ್ಲ್ಸ್‌ವರ್ತ್ ಟ್ರೋಫಿಯ ಬಗ್ಗೆ ಹೇಳಿ. ವಾಕ್-ಆನ್ ಆಗಿ ಶುರು ಮಾಡಿದವರಲ್ಲಿ ಅತಿ ಒಳ್ಳೆ ಆಟಗಾರನಿಗೆ 2010ರಿಂದ ಕೊಡುತ್ತಾರೆ. ಬ್ರ್ಯಾಂಡನ್ ಬರ್ಲ್ಸ್‌ವರ್ತ್ ಅರ್ಕನ್ಸಾದ ವಾಕ್-ಆನ್ ಲೈನ್‌ಮನ್. 1999ರಲ್ಲಿ ಡ್ರಾಫ್ಟ್ ಆದ ಕೆಲವೇ ದಿನಕ್ಕೆ ಕಾರ್ ಅಪಘಾತದಲ್ಲಿ ಹೋದ. ಆ ಟ್ರೋಫಿ ಎರಡು ಸಲ ಗೆದ್ದ ಬೇಕರ್ ಮೇಫೀಲ್ಡ್ ಆಮೇಲೆ 2018ರ ಡ್ರಾಫ್ಟಿನ ಮೊದಲಿಗ.

ಕ್ಯಾಂಪ್ ಮುಗಿದ ಮೇಲಿನ ಮಾತುಕತೆ

ಡೆಪ್ತ್ ಚಾರ್ಟ್ (ಪ್ರತಿ ಪೊಸಿಶನ್‌ಗೆ ಯಾರು ಮೊದಲು, ಯಾರು ಆಮೇಲೆ ಅನ್ನುವ ಪಟ್ಟಿ) ಗೋಡೆಗೆ ಅಂಟಿಸುವ ಮುಂಚೆ ಪ್ರತಿಯೊಬ್ಬ ಹುಡುಗನ ಜೊತೆ ಹತ್ತು ನಿಮಿಷ ಕೂರಬೇಕು. ಪೊಸಿಶನ್ ಕೋಚ್ ಮಾತಾಡಲಿ, ಹಾಳೆ ನೀವು ಹಿಡಿದಿರಿ. ಹೇಳಬೇಕಾದ್ದು ಮೂರು. ಇವತ್ತು ಎಷ್ಟನೆಯವನು, ಯಾಕೆ, ಡಿಸೆಂಬರ್ ಒಳಗೆ ಯಾವ ಒಂದು ವಿಷಯ ಬದಲಾಗಬೇಕು. ಸಿಹಿ ಮಾತು ಬೇಡ. ‘ನಿನ್ನ ಟೈಮ್ ಬರುತ್ತೆ’ ಅನ್ನುವ ಮಾತು ಯಾರ ಬಾಯಿಂದಲೂ ಬರಬಾರದು. ಈಗಿನ ಹುಡುಗರಿಗೆ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಾಯಿಸಲು ಹೆಸರು ಹಾಕುವ ಪಟ್ಟಿ) ಇದೆ. 2018ರಲ್ಲಿ ಶುರುವಾಯಿತು. 2021ರಿಂದ ಮೊದಲ ಸಲ ಬದಲಾಯಿಸಿದರೆ ಒಂದು ವರ್ಷ ಕೂರಬೇಕಾಗಿಲ್ಲ. 2024ರಿಂದ ಓದು ಸರಿಯಿದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು. ಸುಳ್ಳು ಹೇಳಿದ ಕಡೆ ಹುಡುಗ ನಿಲ್ಲುವುದಿಲ್ಲ.

ನಿಜ ಹೇಳಿದರೂ ಕೆಲವರು ಹೋಗುತ್ತಾರೆ. ಬೆಳೆಸಿದವನು ದೊಡ್ಡ ಕಾಲೇಜಿಗೆ ಹೋದಾಗ ನಮ್ಮ ಆಫೀಸಿನಲ್ಲಿ ಎರಡು ದಿನ ಸೂತಕದ ವಾತಾವರಣ. ನನಗೆ ಅಷ್ಟು ಬೇಜಾರಿಲ್ಲ. ಕ್ಯಾಮ್ ವಾರ್ಡ್‌ಗೆ ಹೈಸ್ಕೂಲಿನಲ್ಲಿ ಒಂದು ಸ್ಟಾರೂ ಇರಲಿಲ್ಲ. ಇನ್ಕಾರ್ನೇಟ್ ವರ್ಡ್ ಅನ್ನುವ ಎಫ್‌ಸಿಎಸ್ ಕಾಲೇಜು ಕರೆಯಿತು. ಅಲ್ಲಿಂದ ವಾಷಿಂಗ್ಟನ್ ಸ್ಟೇಟ್, ಅಲ್ಲಿಂದ ಮಯಾಮಿ, 2025ರ ಡ್ರಾಫ್ಟಿನಲ್ಲಿ ಮೊಟ್ಟ ಮೊದಲನೆಯವನು. ಮುಂದಿನ ವರ್ಷ ಸ್ಟಾರ್ ಇಲ್ಲದ ಹುಡುಗನ ಮನೆಗೆ ಹೋದಾಗ ತೋರಿಸಲು ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಹೋಗುವವರಷ್ಟೇ ಬರುವವರೂ ಇದ್ದಾರೆ. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ‘ಹೌಸ್’ ಒಪ್ಪಂದಕ್ಕೆ (ಆಟಗಾರರು ಎನ್‌ಸಿಎಎ ವಿರುದ್ಧ ಹಾಕಿದ ಮೊಕದ್ದಮೆಯ ರಾಜಿ) ಸೇರಿದ ಕಾಲೇಜುಗಳ ಫುಟ್‌ಬಾಲ್ ಟೀಮಿಗೆ ಈಗ 105 ಜನರ ಮಿತಿ. ಮುಂಚೆ ದೊಡ್ಡ ಕಾಲೇಜುಗಳಲ್ಲಿ 85 ಸ್ಕಾಲರ್‌ಶಿಪ್, ಅದರ ಮೇಲೆ ವಾಕ್-ಆನ್‌ಗಳು ಎಷ್ಟು ಬೇಕಾದರೂ. ಈಗ ಆ ವಾಕ್-ಆನ್ ಜಾಗಗಳಿಗೆ ಕತ್ತರಿ ಬಿದ್ದಿದೆ. ಅಲ್ಲಿ ಜಾಗ ಸಿಗದ ಹುಡುಗರು ನಮ್ಮಂಥ ಕಾಲೇಜಿನ ಬಾಗಿಲಿಗೆ ಬರುತ್ತಿದ್ದಾರೆ. ಆದ್ದರಿಂದ ಕ್ಯಾಂಪಿನ ಹಾಳೆಯ ಜೊತೆಗೇ ಇನ್ನೊಂದು ಹಾಳೆ ತೆರೆಯಿರಿ. ಸುತ್ತಮುತ್ತಲ ದೊಡ್ಡ ಕಾಲೇಜುಗಳ ಪಟ್ಟಿಯಿಂದ ಆಗಸ್ಟ್‌ನಲ್ಲಿ ಯಾರ ಹೆಸರು ಹೋಯಿತು ಅಂತ ವಾರಕ್ಕೊಮ್ಮೆ ನೋಡಿ, ಅವರ ಹೈಸ್ಕೂಲ್ ವಿಡಿಯೋ ಹುಡುಕಿ, ತೋಳಿನ ಉದ್ದ ಯಾರಾದರೂ ಅಳೆದಿದ್ದಾರಾ ಅಂತ ಅವರ ಹಳೆ ಕೋಚ್‌ಗೆ ಫೋನ್ ಮಾಡಿ ಕೇಳಿ.